ಅಳಿಸಿದ ಅಳಿಯ

ಮಾವನವರ ಕಂಪ್ಯೂಟರ್ ಏಳುತ್ತಿಲ್ಲ ಎಂಬ ಸುದ್ದಿ ಫೋನಿನಲ್ಲಿ ಬಂದಾಗ ಅಳಿಯ ಬಸ್ ನಿಲ್ದಾಣದ ರಿಸರ್ವೇಶನ್ ಕೌಂಟರಿನಲ್ಲಿ ಕೂತಿದ್ದ. ಮನೆಯವರೆಲ್ಲರಿಗೂ ಕಿಟಕಿ ಸೀಟೇ ಬೇಕೆಂದು ಹಟ ಹಿಡಿದಿದ್ದ ಒಬ್ಬ ಹೆಂಗಸಿಗೆ, ಬಸ್ಸಿಗೆ ಇರುವುದೇ ಎರಡು ಪಕ್ಕ ಎಂದು ವಿವರಿಸುತ್ತಿದ್ದ. ಫೋನಿಗೆ ಕಿವಿ ಕೊಟ್ಟವನೇ ದನಿ ತಗ್ಗಿಸಿ, ಯಾರೂ ಅದನ್ನು ಮುಟ್ಟಬೇಡಿ, ನಾನು ಬಂದು ನೋಡುತ್ತೇನೆ ಎಂದ. ದೊಡ್ಡ ಆಸ್ಪತ್ರೆಯ ಡಾಕ್ಟರು ರೋಗಿಯ ಕಡೆಯವರೊಡನೆ ಮಾತಾಡುವ ರೀತಿ ಅದು. ಕೌಂಟರಿನ ಹೆಂಗಸು ಕೂಡ ಸುಮ್ಮನಾಗಿ, ಕೊಟ್ಟ ಸೀಟು ತೆಗೆದುಕೊಂಡು ಹೋದಳು.

ಅಳಿಯನ ಕಂಪ್ಯೂಟರ್ ಜ್ಞಾನದ ಬಗ್ಗೆ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಕೌಂಟರಿನ ಕಂಪ್ಯೂಟರ್ ಕೆಟ್ಟರೆ ಗೋಡೆಗೆ ಅಂಟಿಸಿದ ನಂಬರಿಗೆ ಫೋನ್ ಮಾಡಿ ಕ್ಯಾಂಟೀನಿಗೆ ಹೋಗಬೇಕು, ಚಹಾ ಕುಡಿದು ಬರುವಷ್ಟರಲ್ಲಿ ಯಾರೋ ಬಂದು ಸರಿ ಮಾಡಿರುತ್ತಾರೆ. ಇಷ್ಟೇ ಅವನಿಗೆ ಗೊತ್ತಿದ್ದದ್ದು. ಆದರೆ ಹಿಂದೊಮ್ಮೆ ಮಾವನ ಮನೆಯ ಟೀವಿಯಲ್ಲಿ ಚಿತ್ರ ಮೂಡಿ ಮಾತು ಬಾರದೆ ಇದ್ದಾಗ, ಏನೂ ತೋಚದೆ ಪ್ಲಗ್ ಕಿತ್ತು ಮತ್ತೆ ಚುಚ್ಚಿದ್ದ. ಟೀವಿ ಮಾತಾಡಿಬಿಟ್ಟಿತು. ಅಂದಿನಿಂದ ಅತ್ತೆಯವರು ಕಂಡಕಂಡವರಿಗೆಲ್ಲ ನಮ್ಮ ಅಳಿಯಂದಿರ ಕೈಗುಣವೇ ಬೇರೆ ಎಂದು ಹೇಳುತ್ತ ಬಂದರು. ಅಳಿಯ ಅದನ್ನು ತಿದ್ದಲಿಲ್ಲ. ಆಫೀಸಿನಲ್ಲಿ ಬೈಗುಳ, ಮನೆಯಲ್ಲಿ ಮೌನ, ಇವೆರಡರ ನಡುವೆ ಓಡಾಡಿಕೊಂಡಿದ್ದ ಮನುಷ್ಯ. ಪುಕ್ಕಟೆ ಸಿಕ್ಕ ಹೊಗಳಿಕೆಯನ್ನು ವಾಪಸು ಮಾಡುವ ಶ್ರೀಮಂತಿಕೆ ಅವನಿಗೆ ಇರಲಿಲ್ಲ.

ಕೆಟ್ಟದ್ದು ಬರೀ ಕಂಪ್ಯೂಟರ್ ಆಗಿದ್ದರೆ ಇಷ್ಟೊಂದು ಕಥೆ ಆಗುತ್ತಿರಲಿಲ್ಲ. ಅದರೊಳಗೆ ಮಾವನವರ ಪುಸ್ತಕ ಇತ್ತು. ಊರಿಗೆ ನೀರು ಕೊಡುವ ಪಂಪ್‌ಹೌಸಿನಲ್ಲಿ ಮೇಲ್ವಿಚಾರಕರಾಗಿ ನಿವೃತ್ತರಾದ ಮೇಲೆ ಅವರು ಪಕ್ಕದ ಸಣ್ಣ ಕೋಣೆ ಸೇರಿ, ಬಾಗಿಲು ಮುಂದೆ ಮಾಡಿಕೊಂಡು, ಎರಡೇ ಬೆರಳಿನಲ್ಲಿ ಟೈಪ್ ಮಾಡುತ್ತ ವರ್ಷಗಳನ್ನೇ ಕಳೆದಿದ್ದರು. ಯಾರಾದರೂ ಒಳಗೆ ಬಂದರೆ ಪರದೆಗೆ ಟವೆಲ್ ಮುಚ್ಚುತ್ತಿದ್ದರು. ಏನು ಬರೀತಿದ್ದೀರಿ ಎಂದು ಒಂದು ದಿನ ಊಟದ ಹೊತ್ತಿನಲ್ಲಿ ಮಗ ಕೇಳಿದಾಗ, ಅವರು ಕೈ ತೊಳೆಯಲು ಏಳುತ್ತ, ನನ್ನ ಜೀವನ ಎಂದಿದ್ದರು. ಆ ಮಾತು ಕಾಂಪೌಂಡ್ ದಾಟಿ ಪಕ್ಕದ ಮನೆಗೂ ಹೋಯಿತು. ಆ ದಿನದಿಂದ ಆ ಮನೆಯಲ್ಲಿ ಮಾವನವರಿಗೆ ಕೇಳದೆಯೇ ಚಹಾ ಬರತೊಡಗಿತು. ಮಗ ತಂದೆಯ ಮಾತಿಗೆ ಎದುರಾಡುವುದನ್ನು ಬಿಟ್ಟ. ಪಕ್ಕದ ಮನೆಯ ವಕೀಲರು ಕಾಂಪೌಂಡಿನ ಮೇಲಿಂದಲೇ ಆರೋಗ್ಯ ವಿಚಾರಿಸತೊಡಗಿದರು. ಮಾವನವರು ಇದನ್ನೆಲ್ಲ ವಯಸ್ಸಿಗೆ ಸಿಗುವ ಮರ್ಯಾದೆ ಎಂದುಕೊಂಡು ಸಂತೋಷಪಟ್ಟರು.

ಅಳಿಯ ಹೆಂಡತಿಯೊಡನೆ ಬಂದು ಕಂಪ್ಯೂಟರಿನ ಮುಂದೆ ಕೂತ. ಗುಂಡಿ ಒತ್ತಿದರೆ ಫ್ಯಾನ್ ತಿರುಗುತ್ತಿತ್ತು, ಕಂಪನಿಯ ಗುರುತು ಮೂಡುತ್ತಿತ್ತು, ಅದರ ಕೆಳಗೆ ಬಿಳಿ ಚುಕ್ಕೆಗಳು ಒಂದರ ಹಿಂದೊಂದು ಸುತ್ತು ಹಾಕುತ್ತಿದ್ದವು. ಇನ್ನೇನು ಎದ್ದಿತು ಅನ್ನುವಷ್ಟರಲ್ಲಿ ಪರದೆ ಕಪ್ಪಾಗಿ ಮತ್ತೆ ಮೊದಲಿನಿಂದ ಶುರು. ಅಳಿಯ ಪ್ಲಗ್ ಕಿತ್ತು ಚುಚ್ಚಿದ. ಇಡೀ ಮನೆ ಉಸಿರು ಹಿಡಿದು ನೋಡಿತು. ಚುಕ್ಕೆಗಳು ಸುತ್ತಿದವು, ಪರದೆ ಕಪ್ಪಾಯಿತು. ಅವನ ವಿದ್ಯೆ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಯಂತ್ರವೇ ಕನಿಕರ ತೋರಿದಂತೆ ಒಂದು ನೀಲಿ ಪರದೆ ಮೂಡಿಸಿತು. ಅದರಲ್ಲಿ ಇಂಗ್ಲಿಷಿನಲ್ಲಿ ಸಣ್ಣ ಅಕ್ಷರದ ಸಾಲುಗಳು, ಒಂದೊಂದರ ಪಕ್ಕ ಒಂದೊಂದು ಚೌಕ. ಅಳಿಯನಿಗೆ ಓದುವ ಕನ್ನಡಕ ಬಂದು ಸ್ವಲ್ಪ ಕಾಲವಾಗಿತ್ತು. ಆದರೆ ಅತ್ತೆ ಮನೆಯವರ ಎದುರು ಅದನ್ನು ಹಾಕಿಕೊಳ್ಳಬಾರದೆಂದು ಅವನು ನಿರ್ಧರಿಸಿದ್ದ. ಮಾವನವರು ಮಂಚದ ತುದಿಯಲ್ಲಿ ಕೂತು, ಏನಂತೆ ಅದು ಎಂದು ಮೇಲಿಂದ ಮೇಲೆ ಕೇಳುತ್ತಿದ್ದರು. ಏನಿಲ್ಲ ಮಾವ, ಕೆಲವು ಪ್ರಶ್ನೆ ಕೇಳ್ತಿದೆ, ಮಾಮೂಲಿ ಎಂದು ಹೇಳುತ್ತ ಅಳಿಯ ಎಲ್ಲದಕ್ಕೂ ಹೂಂ ಎನ್ನುತ್ತ ಹೋದ. ಒಂದು ಕಡೆ ಯಂತ್ರ ಎಲ್ಲವನ್ನೂ ತೆಗೆದುಹಾಕಲೇ ಎಂದು ಕೇಳಿತು. ಅವನ ಕಣ್ಣಿಗೆ ಕಂಡದ್ದು ‘ಎಲ್ಲವನ್ನೂ’ ಎಂಬ ಪದ ಮಾತ್ರ. ಅರೆಬರೆ ಮಾಡುವುದಕ್ಕಿಂತ ಎಲ್ಲವನ್ನೂ ಮಾಡುವುದೇ ಲೇಸು ಎಂದು ಅದನ್ನೇ ಒತ್ತಿದ. ಖಂಡಿತವೇ ಎಂದು ಯಂತ್ರ ಇನ್ನೊಮ್ಮೆ ಕೇಳಿತು. ಅಷ್ಟು ಮರ್ಯಾದೆಯಿಂದ ಯಾರಾದರೂ ಎರಡು ಸಲ ಕೇಳಿದರೆ ಅಳಿಯನಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಕಂಪ್ಯೂಟರ್ ಎದ್ದಿತು. ಅಂಗಡಿಯಿಂದ ಈಗ ತಂದಂತೆ ಹೊಳೆಯುವ ಪರದೆ, ಅದರ ಮೇಲೆ ಯಾವುದೋ ಕೆರೆ, ಕೆರೆಯಾಚೆ ಬೆಟ್ಟ. ಅತ್ತೆಯವರು ನಾನು ಹೇಳಲಿಲ್ಲವೇ ಎಂಬಂತೆ ಎಲ್ಲರ ಮುಖ ನೋಡಿದರು. ಮಾವನವರು ಕುರ್ಚಿ ಎಳೆದುಕೊಂಡು ಕೂತು ಬಹಳ ಹೊತ್ತು ಹುಡುಕಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಅಳಿಯಂದ್ರೇ, ನನ್ನ ಪುಸ್ತಕ ಎಲ್ಲಿ?”

ಅಳಿಯ ಮೌಸನ್ನು ಆ ಕಡೆ ಈ ಕಡೆ ಓಡಿಸಿದ. ಕೆರೆ ಇತ್ತು, ಬೆಟ್ಟ ಇತ್ತು, ಕಸದ ಬುಟ್ಟಿಯ ಚಿತ್ರ ಇತ್ತು. ಕಸದ ಬುಟ್ಟಿ ಕೂಡ ಖಾಲಿ ಇತ್ತು.

ಒಳಗೆ ಎಲ್ಲೋ ಕೂತಿರುತ್ತೆ, ಮನೆಗೆ ತಗೊಂಡು ಹೋಗಿ ನಿಧಾನವಾಗಿ ತೆಗೀತೀನಿ ಎಂದು ಅವನು ಬಾಯಿಗೆ ಬಂದದ್ದು ಹೇಳಿದ. ಕಂಪ್ಯೂಟರಿನ ಡಬ್ಬವನ್ನು ಕೂಸಿನಂತೆ ಎದೆಗವಚಿಕೊಂಡು ಹೊರಬಿದ್ದ. ಮುಖ ಬೆವತಿತ್ತು. ಗೇಟಿನ ತನಕ ಬಂದ ಭಾವಮೈದುನ ಹಿಂದೆ ಮುಂದೆ ನೋಡಿ, ಡಬ್ಬ ಹಿಡಿದಿದ್ದ ಅವನ ಕೈಯನ್ನು ಒತ್ತಿದ.

“ಭಾವ, ನಿಮ್ಮ ಉಪಕಾರ ಮರೆಯೋದಿಲ್ಲ,” ಎಂದ. “ಎಷ್ಟು ನೀಟಾಗಿ ಮಾಡಿಬಿಟ್ರಿ. ಮುಖದಲ್ಲಿ ಒಂದಿಷ್ಟೂ ತೋರಿಸಲಿಲ್ಲ.”

ಏನು ತೋರಿಸಲಿಲ್ಲ ಎಂದು ಅಳಿಯ ಕೇಳಿದ. ಭಾವಮೈದುನ ಕಣ್ಣು ಮಿಟುಕಿಸಿದ. ಅವನು ಒಂದು ಹೈಸ್ಕೂಲಿನ ಹೆಡ್‌ಮಾಸ್ಟರು. ಪರೀಕ್ಷೆಯಲ್ಲಿ ಕಾಪಿ ಹೊಡೆದ ಮಕ್ಕಳನ್ನು ಅಂಗಳದಲ್ಲಿ ನಿಲ್ಲಿಸಿ ಪ್ರಾಮಾಣಿಕತೆಯ ಮೇಲೆ ಭಾಷಣ ಮಾಡುವುದರಲ್ಲಿ ಹೆಸರಾದವನು. ಅವನು ಡಿಗ್ರಿ ಪರೀಕ್ಷೆ ಬರೆದಾಗ ಅಂಗಿಯ ತೋಳಿನೊಳಗೆ ಏನಿತ್ತು, ಅದನ್ನು ಹಿಡಿದವರ ಮನೆಗೆ ಅಪ್ಪ ಹೇಗೆ ಓಡಾಡಿದರು ಎಂಬುದು ತಂದೆ ಮಗನಿಗೆ ಮಾತ್ರ ಗೊತ್ತಿತ್ತು. ಈಗ ಅಳಿಯನಿಗೂ ಗೊತ್ತಾಯಿತು, ಏಕೆಂದರೆ ಗೇಟಿನ ಬಳಿ ನಿಂತು ಭಾವಮೈದುನನೇ ಎಲ್ಲವನ್ನೂ ಹೇಳಿದ. ಜೀವನ ಅಂತ ಬರೆದ ಮೇಲೆ ಅದನ್ನು ಬಿಡ್ತಾರಾ ಭಾವ ಎಂದು ನಿಟ್ಟುಸಿರಿಟ್ಟ. ಕೈ ತಪ್ಪಿ ಆದದ್ದು ಎಂದು ಅಳಿಯ ಹೇಳಿದ. ಅದನ್ನೇ ಹೇಳ್ತಾ ಇರಿ ಎಂದು ಭಾವಮೈದುನ ಮೆಚ್ಚುಗೆಯಿಂದ ಅವನ ಬೆನ್ನು ತಟ್ಟಿದ.

ಮನೆಗೆ ಬಂದ ಕೂಡಲೇ ಹೆಂಡತಿ ಸ್ನಾನಕ್ಕೆ ನೀರು ಕಾಯಿಸಿ ಇಟ್ಟಳು. ಹಿಂದೆ ಹೀಗೆ ಆಗಿದ್ದು ಯಾವಾಗ ಎಂದು ಅವನು ನೆನಪು ಮಾಡಿಕೊಳ್ಳುತ್ತಿರುವಾಗಲೇ, ಇಷ್ಟು ಧೈರ್ಯ ನಿಮಗೆ ಇದೆ ಅಂತ ಗೊತ್ತಿರಲಿಲ್ಲ ಎಂದಳು. ಅಪ್ಪ ನಾನು ಹುಟ್ಟಿದ ವರ್ಷಾನೂ ಬರೆದಿರ್ತಿದ್ರು ಎಂದು ಸೇರಿಸಿ, ತಟ್ಟನೆ ಬಾಯಿ ಮುಚ್ಚಿಕೊಂಡಳು. ಅದರಲ್ಲಿ ಬಚ್ಚಿಡುವಂಥದ್ದು ಏನಿದೆ ಎಂದು ಅವನು ಕೇಳಿದ. ಏನಿಲ್ಲ ಎಂದಳು. ಅವನು ಸ್ನಾನದ ಮನೆಯಲ್ಲಿ ಅವಳು ಶಾಲೆ ಬಿಟ್ಟ ವರ್ಷದಿಂದ ಹಿಂದಕ್ಕೆ ಬೆರಳು ಮಡಿಸಿ ಲೆಕ್ಕ ಹಾಕಿದ. ಮದುವೆಯ ದಿನದಿಂದ ತನಗಿಂತ ಚಿಕ್ಕವಳೆಂದು ತಾನು ಬುದ್ಧಿ ಹೇಳುತ್ತ ಬಂದ ಹೆಂಗಸು ತನಗಿಂತ ದೊಡ್ಡವಳೆಂಬುದು ಅವನಿಗೆ ಅಂದು ಹೊಳೆಯಿತು. ಬುದ್ಧಿವಾದವನ್ನು ಅವಳು ಯಾಕೆ ಅಷ್ಟು ನಗುನಗುತ್ತ ಕೇಳುತ್ತಿದ್ದಳು ಎಂಬುದೂ ಹೊಳೆಯಿತು.

ಮಾರನೆಯ ದಿನ ಅತ್ತೆಯವರೇ ಫೋನ್ ಮಾಡಿದರು. ತನ್ನ ಅತ್ತೆಯನ್ನು ಹೆತ್ತ ತಾಯಿಯಂತೆ ನೋಡಿಕೊಂಡವಳು ಎಂದು ಬಂಧುಬಳಗದಲ್ಲೆಲ್ಲ ಹೆಸರು ಮಾಡಿದ್ದ ಅವರು, ಆ ತಾಯಿಯೊಡನೆ ಒಂದೇ ಮನೆಯಲ್ಲಿದ್ದುಕೊಂಡು ವರ್ಷಗಟ್ಟಲೆ ಮಾತು ಬಿಟ್ಟಿದ್ದರಂತೆ. ಏನು ಹೇಳುವುದಿದ್ದರೂ ಗೋಡೆಗೆ ಹೇಳುತ್ತಿದ್ದರಂತೆ, ಆ ಕಡೆಯಿಂದ ಮುದುಕಿಯೂ ಗೋಡೆಗೇ ಉತ್ತರ ಕೊಡುತ್ತಿದ್ದಳಂತೆ. ನೀವು ಆ ಗೋಡೆ ಮಾತನ್ನ ಓದಿದ್ರೋ ಏನೋ, ಓದಿದ್ರೂ ಓದಿಲ್ಲ ಅಂದ್ಕೊಂಡುಬಿಡಿ ಎಂದರು. ಅಳಿಯ ಓದಿರಲಿಲ್ಲ. ಈಗ ಕೇಳಿದಂತಾಯಿತು.

ಅದಾದ ಮೇಲೆ ವಕೀಲರು ಬಸ್ ನಿಲ್ದಾಣಕ್ಕೇ ಬಂದು, ಸಾಲಿನಲ್ಲಿ ನಿಂತು, ತಮ್ಮ ಸರದಿ ಬಂದಾಗ ಕೌಂಟರಿನ ಕಂಡಿಗೆ ಬಾಯಿ ಹಚ್ಚಿದರು. ಎಲ್ಲಿಗೆ ಟಿಕೆಟ್ ಎಂದು ಅಳಿಯ ಅಭ್ಯಾಸಬಲದಿಂದ ಕೇಳಿದ. ಎಲ್ಲಿಗೂ ಬೇಡ ಎಂದ ವಕೀಲರು, ಕಾಂಪೌಂಡ್ ಗೋಡೆ ಕಟ್ಟಿಸುವಾಗ ಅದು ತಾನಾಗಿಯೇ ಒಂದು ಗೇಣು ಆಚೆ ಸರಿದದ್ದು ನಿಜ, ಅದನ್ನು ನಿಮ್ಮ ಮಾವನವರು ಕಿಟಕಿಯಿಂದ ನೋಡಿದ್ದೂ ನಿಜ, ಆದರೆ ಅಚ್ಚಾದ ಪುಸ್ತಕ ಕೋರ್ಟಿನಲ್ಲಿ ಸಾಕ್ಷಿಯಾಗುವ ಅಪಾಯ ಇದ್ದು, ಅದನ್ನು ನೀವು ಸಕಾಲದಲ್ಲಿ ತಪ್ಪಿಸಿದಿರಿ ಎಂದು ಹೇಳಿದರು. ಸಾಲಿನಲ್ಲಿ ಹಿಂದಿದ್ದವರು ಗೊಣಗತೊಡಗಿದಾಗ, ಮುಂದೆ ಯಾವ ಕೇಸು ಬಂದರೂ ತಾವಿದ್ದೇವೆ ಎಂದು ಭರವಸೆ ಕೊಟ್ಟು ಹೋದರು.

ಅಳಿಯ ಮೊದಮೊದಲು ಪ್ರತಿಯೊಬ್ಬರಿಗೂ ಕೈ ತಪ್ಪಿ ಆದದ್ದು ಎಂದು ಹೇಳಿ ನೋಡಿದ. ಹೇಳಿದಷ್ಟೂ ಅವರ ಕಣ್ಣಿನಲ್ಲಿ ಅವನ ಗಾಂಭೀರ್ಯ ದೊಡ್ಡದಾಗುತ್ತ ಹೋಯಿತು. ಆಮೇಲಾಮೇಲೆ ಅವನು ಹೇಳುವುದನ್ನು ಬಿಟ್ಟ. ಏನೂ ಹೇಳದೆ ಸಣ್ಣಗೆ ತಲೆಯಾಡಿಸುವುದನ್ನು ಕಲಿತ. ಅದು ಅವನಿಗೆ ಒಪ್ಪುತ್ತಿತ್ತು ಎಂದು ಹೆಂಡತಿಯೇ ಹೇಳಿದಳು.

ಇತ್ತ ಮಾವನವರು ದಿನಾ ಬೆಳಗ್ಗೆ ಫೋನ್ ಮಾಡುತ್ತಿದ್ದರು. ಬೈಗುಳವಿಲ್ಲ, ಅವಸರವಿಲ್ಲ. ಎಚ್ಚರ ಆಯ್ತಾ ಅದಕ್ಕೆ ಎಂದು ಕೇಳಿ, ಇನ್ನೂ ಇಲ್ಲ ಎಂದರೆ ಸರಿ, ನೀವಿದ್ದೀರಲ್ಲ ಎಂದು ಇಟ್ಟುಬಿಡುತ್ತಿದ್ದರು. ಬೈದಿದ್ದರೆ ಅಳಿಯ ಆರಾಮವಾಗಿ ಇರುತ್ತಿದ್ದ.

ಕೊನೆಗೆ ಅವನು ಡಬ್ಬ ಹೊತ್ತು ಪೇಟೆಯ ರಿಪೇರಿ ಅಂಗಡಿಗೆ ಹೋದ. ಅಂಗಡಿಯವನು ಹೊಟ್ಟೆ ನೋವಿನ ಮನುಷ್ಯನಂತೆ ಸದಾ ಮುಖ ಸಿಂಡರಿಸಿಕೊಂಡಿರುವವನು. ಬಿಚ್ಚಿ, ತನ್ನ ಯಂತ್ರಕ್ಕೆ ಸಿಕ್ಕಿಸಿ ನೋಡಿ, ಮೇಲೆ ಅಳಿಸಿದೆ, ಅಡಿಯಲ್ಲಿ ಇನ್ನೂ ಇದೆ, ಕೂತು ತೆಗೆದರೆ ಮುಕ್ಕಾಲು ಭಾಗ ಸಿಗಬಹುದು, ಆದರೆ ಇದರ ಮೇಲೆ ಬೇರೆ ಏನೂ ಬರೆಯಬಾರದು ಎಂದ. ಅಳಿಯನಿಗೆ ಎಷ್ಟು ಖುಷಿಯಾಯಿತೆಂದರೆ, ದಾರಿಯಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿಬಿಟ್ಟ.

ಅದು ಅವನು ಮಾಡಿದ ಎರಡನೆಯ ತಪ್ಪು. ಅವನು ಮನೆ ತಲಪುವ ಮೊದಲೇ ಭಾವಮೈದುನ ಅಲ್ಲಿ ಕೂತಿದ್ದ, ವಕೀಲರೂ ಇದ್ದರು. ಅತ್ತೆಯವರು ಫೋನಿನಲ್ಲಿ ಇದ್ದರು, ಹೆಂಡತಿ ಫೋನನ್ನು ಮೇಜಿನ ನಡುವೆ ಇಟ್ಟಿದ್ದಳು. ಯಾರೂ ಗಲಾಟೆ ಮಾಡಲಿಲ್ಲ. ವಯಸ್ಸಾದವರು, ಪ್ರಕಟವಾದರೆ ಊರು ನಕ್ಕೀತು, ಆ ಅವಮಾನವನ್ನು ಆ ಜೀವ ತಡೆಯಲಾರದು, ಅವರ ಒಳ್ಳೆಯದಕ್ಕೇ ಹೇಳುತ್ತಿದ್ದೇವೆ ಎಂದರು. ಎಲ್ಲರೂ ಅವರ ಒಳ್ಳೆಯದನ್ನು ಬಿಟ್ಟು ಬೇರೇನೂ ಮಾತಾಡಲಿಲ್ಲ. ಕೊನೆಗೆ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿ, “ಇಷ್ಟು ವರ್ಷದಲ್ಲಿ ಮೊದಲನೇ ಸಲ ನಮ್ಮ ಮನೆಯವರು ನಿಮ್ಮನ್ನ ಮನುಷ್ಯ ಅಂತ ನೋಡ್ತಿದಾರೆ. ಅದನ್ನ ಯಾಕೆ ಕೆಡಿಸ್ಕೋತೀರಿ?” ಎಂದಳು.

ಅಳಿಯ ಮರುದಿನ ಅಂಗಡಿಗೆ ಹೋಗಿ, ಏನೂ ತೆಗೆಯುವುದು ಬೇಡ, ಪೂರ್ತಿ ತೊಳೆದು ಹೊಸದಾಗಿ ಮಾಡಿಕೊಡಿ ಎಂದ. ಅಂಗಡಿಯವನು ಕಾರಣ ಕೇಳಲಿಲ್ಲ. ಕಾರಣ ಕೇಳುವಷ್ಟು ಉತ್ಸಾಹ ಅವನಿಗೆ ಯಾವುದರಲ್ಲೂ ಇರಲಿಲ್ಲ.

ಡಬ್ಬ ವಾಪಸು ಬಂದ ದಿನ ಮಾವನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಸತ್ತವರ ಮನೆಗೆ ಬಂದವರಂತೆ ಮುಖ ಇಳಿಬಿಟ್ಟುಕೊಂಡಿದ್ದರು. ಅಳಿಯ ಬಾಯಿಪಾಠ ಮಾಡಿಕೊಂಡು ಬಂದದ್ದನ್ನು ಒಪ್ಪಿಸಿದ: ದೊಡ್ಡ ಅಂಗಡಿಯಲ್ಲೇ ತೋರಿಸಿದೆ, ಏನೂ ಉಳಿದಿಲ್ಲವಂತೆ. ಭಾವಮೈದುನ ಸಾಹಿತ್ಯ ಲೋಕಕ್ಕೇ ಇದು ನಷ್ಟ ಎಂದ. ವಕೀಲರು ಕರವಸ್ತ್ರ ತೆಗೆದು ಕನ್ನಡಕ ಒರೆಸಿದರು. ಅತ್ತೆಯವರು ಸೆರಗನ್ನು ಕಣ್ಣಿಗೆ ಹಚ್ಚಿ, ಎಷ್ಟು ಕಷ್ಟಪಟ್ಟು ಬರೆದಿದ್ರು, ಒಂದು ದಿನಾನಾದ್ರೂ ಓದೋ ಭಾಗ್ಯ ನಮಗೆ ಬರಲಿಲ್ಲ ಎಂದರು.

ಮಾವನವರು ಒಬ್ಬೊಬ್ಬರನ್ನೇ ನೋಡಿದರು. ನಿಮಗೆಲ್ಲ ಇಷ್ಟು ಬೇಜಾರಾಗುತ್ತೆ ಅಂತ ಗೊತ್ತಿದ್ದರೆ ಮೊದಲೇ ಓದಲು ಕೊಡುತ್ತಿದ್ದೆ, ನಿಮಗೆ ಪಂಪ್‌ಹೌಸಿನ ವಿಷಯದಲ್ಲಿ ಆಸಕ್ತಿ ಇಲ್ಲವೆಂದುಕೊಂಡಿದ್ದೆ ಎಂದರು.

ಪಂಪ್‌ಹೌಸಿನ ಯಾವ ವಿಷಯ ಎಂದು ಮಗ ಕೇಳಿದ.

ಬರೆದದ್ದೆಲ್ಲ ಅದೇ ಎಂದರು ಮಾವನವರು. ಮೊದಲ ಪಂಪು ಬಂದು ಇಳಿದದ್ದು, ಅದು ಶುರುವಾಗದೆ ಎಲ್ಲರೂ ಹೊಗೆ ಕುಡಿದದ್ದು, ಹೊಳೆ ಉಕ್ಕಿ ಬಂದಾಗ ನೀರಿಗೆ ಇಳಿದು ವಾಲ್ವ್ ತಿರುಗಿಸಿದವರು, ಅವರಲ್ಲಿ ಮೇಲೆ ಬಾರದೆ ಹೋದವರು. ಪಂಪ್‌ಹೌಸಿನ ಗೋಡೆಯ ಕಲ್ಲಿನಲ್ಲಿ ಉದ್ಘಾಟನೆಗೆ ಬಂದವರ ಹೆಸರು ಇದೆ, ಇವರ ಹೆಸರು ಎಲ್ಲೂ ಇಲ್ಲ, ಎಲ್ಲಾದರೂ ಇರಲಿ ಅಂತ ಬರೆದೆ ಎಂದರು.

ಎಲ್ಲರ ಮುಖದ ಮೇಲಿದ್ದ ದುಃಖ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತಿತ್ತು. ಅತ್ತೆಯವರು ಸೆರಗು ಕೆಳಗಿಳಿಸಿದರು.

“ನಾವು ಯಾರೂ ಇರಲಿಲ್ವಾ ಅದರಲ್ಲಿ?”

“ಇಲ್ಲ.”

“ನಾನೂ?”

ಮಾವನವರು ಯೋಚಿಸಿದರು. ಕುಹಕವಿರಲಿಲ್ಲ, ನಿಜಕ್ಕೂ ಯೋಚಿಸಿದರು. “ನೀನು ಒಂದ್ಸಲ ಬುತ್ತಿ ತಂದು ಕೊಟ್ಟಿದ್ದೆ ಅಲ್ಲಿಗೆ,” ಎಂದರು. “ಅದನ್ನ ಬರೆದು ಆಮೇಲೆ ತೆಗೆದುಬಿಟ್ಟೆ. ಕಥೆ ಓಟಕ್ಕೆ ಅಡ್ಡ ಬರ್ತಿತ್ತು.”

ಮುಂದಿನದನ್ನು ವಿವರವಾಗಿ ಬರೆಯುವುದು ಆ ಕುಟುಂಬದ ಗೌರವಕ್ಕೆ ಒಳ್ಳೆಯದಲ್ಲ. ಪುಸ್ತಕದಲ್ಲಿ ಇದ್ದೇವೆಂದು ವರ್ಷಗಟ್ಟಲೆ ಹೆದರಿದವರು, ಇಲ್ಲವೆಂದು ಗೊತ್ತಾದ ಕೂಡಲೇ ಸಿಟ್ಟಿಗೆದ್ದರು. ಇಡೀ ಬಾಳು ಇವರ ಬಟ್ಟೆಯ ಗ್ರೀಸ್ ಉಜ್ಜಿದವಳು ನಾನು, ಗ್ರೀಸಿಗಿರುವ ಬೆಲೆ ನನಗಿಲ್ಲ ಎಂದು ಅತ್ತೆಯವರು ಗೋಡೆಗೆ ಹೇಳಿದರು. ಹಳೆಯ ಅಭ್ಯಾಸ ಎಷ್ಟು ಸುಲಭವಾಗಿ ಮರಳಿ ಬರುತ್ತದೆಂದು ಅಳಿಯ ಕಣ್ಣಾರೆ ಕಂಡ. ಮಗನ ಬಗ್ಗೆ ಒಂದು ಸಾಲು ಬರೆಯದ ತಂದೆ ಎಂಥ ತಂದೆ ಎಂದು ಹೆಡ್‌ಮಾಸ್ಟರು ಕೇಳಿದ. ಮಗಳು ಹುಟ್ಟಿದ್ದಾದರೂ ನೆನಪಿದೆಯಾ ಎಂದು ಅಳಿಯನ ಹೆಂಡತಿ ಕೇಳಿದಳು. ಒಂದು ಆಯುಷ್ಯ ಪೂರ್ತಿ ನೆರೆಹೊರೆಯಲ್ಲಿ ಇದ್ದೆವಲ್ಲ, ಆ ಗೋಡೆಯ ವಿಷಯವಾದರೂ ಬರೆಯಬಹುದಿತ್ತಲ್ಲ ಎಂದ ವಕೀಲರು ಚಹಾ ಅಷ್ಟಕ್ಕೇ ಬಿಟ್ಟು ಎದ್ದುಹೋದರು.

ಹೋಗುವಾಗ ಅವರು ಅಳಿಯನತ್ತ ಒಂದು ನೋಟ ಬೀರಿದರು. ಉಳಿದವರಿಗೂ ಆಗ ಅವನ ನೆನಪಾಯಿತು. ಒಳಗೇನಿದೆ ಎಂದು ಒಮ್ಮೆ ಓದಿ ನೋಡದೆ ಯಾರಾದರೂ ಅಳಿಸುತ್ತಾರಾ ಎಂದು ಭಾವಮೈದುನ ಅವನನ್ನು ಮೂಲೆಗೆ ಕರೆದು ಕೇಳಿದ. ಸುಮ್ಮಸುಮ್ಮನೆ ನಮ್ಮ ಬಾಯಿಂದ ಹೇಳಬಾರದ್ದನ್ನೆಲ್ಲ ಹೇಳಿಸಿದಿರಿ ಎಂದೂ ಅಂದ. ಅಳಿಯ, ನಾನು ಬೇಕೆಂದು ಅಳಿಸಲೇ ಇಲ್ಲ, ಅಕ್ಷರ ಕಾಣದೆ ಒತ್ತಿದೆ ಎಂದ. ಆ ಮಾತನ್ನು ಅವರು ಈ ಸಲ ನಂಬಿದರು. ಹಾಗಾದರೆ ನೀವು ಬರೀ ದಡ್ಡರು ಎಂದಳು ಹೆಂಡತಿ, ಮೊದಲಿನ ದನಿಯಲ್ಲಿ.

ಮಾವನವರು ಇದನ್ನೆಲ್ಲ ಕೇಳಿಸಿಕೊಂಡರೋ ಇಲ್ಲವೋ, ಎದ್ದು ತಮ್ಮ ಕೋಣೆಗೆ ಹೋದರು. ಅಳಿಯ ಡಬ್ಬವನ್ನು ಅದರ ಜಾಗದಲ್ಲಿ ಇಟ್ಟು ತಂತಿಗಳನ್ನು ಸಿಕ್ಕಿಸಿಕೊಟ್ಟ. ಗುಂಡಿ ಒತ್ತಿದೊಡನೆ ಕಂಪ್ಯೂಟರ್ ಎದ್ದಿತು.

“ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ,” ಎಂದರು ಮಾವನವರು. “ನೀವೊಬ್ರೇ ಅದನ್ನ ಹುಡುಕಿಕೊಡೋಕೆ ಓಡಾಡಿದ್ದು. ಅಂಗಡಿಯವನು ಏನೂ ಆಗಲ್ಲ ಅಂದ್ನಲ್ಲ?”

“ಅಂದ ಮಾವ,” ಎಂದ ಅಳಿಯ.

ಮತ್ತೆ ಬರೆಯುತ್ತೇನೆ, ತಲೆಯಲ್ಲಿ ಇದೆ ಎಂದು ಅವರು ಎರಡು ಬೆರಳು ಚಾಚಿ ಶುರು ಮಾಡಿದರು. ಮೊದಲ ಸಾಲು ಸರಾಗವಾಗಿ ಬಂದಿತು, ಎರಡನೆಯದೂ ಬಂದಿತು. ಮೂರನೆಯದರ ನಡುವೆ ಬೆರಳು ನಿಂತಿತು. ಹೊಳೆ ಉಕ್ಕಿದ ದಿನ ಮೊದಲು ಇಳಿದವನು, ಕುಳ್ಳಗಿದ್ದ, ಎಡಗೈಯಲ್ಲಿ ಸ್ಪ್ಯಾನರ್ ಹಿಡಿಯುತ್ತಿದ್ದ, ಅವನ ಹೆಸರು ಏನು ಎಂದು ತಮ್ಮಲ್ಲೇ ಕೇಳಿಕೊಂಡರು. ಹಣೆ ಉಜ್ಜಿದರು. ಬೇರೆಯವರ ಹೆಸರುಗಳನ್ನು ಒಂದೊಂದಾಗಿ ಬಾಯಲ್ಲಿ ಆಡಿಸಿದರು, ಅವನದು ಬರಲಿಲ್ಲ.

“ಬರೆದಿಟ್ಟಿದ್ದೀನಲ್ಲ ಅಂತ ಧೈರ್ಯವಾಗಿ ಮರೆತುಬಿಟ್ಟೆ, ಅಳಿಯಂದ್ರೇ.”

ಆಗಿನವರು ಯಾರಾದರೂ ಇದ್ದಾರಾ, ಹೋಗಿ ಕೇಳಿ ಬರುತ್ತೇನೆ ಎಂದ ಅಳಿಯ. ಕೊನೆಯವನು ಹೋದ ವರ್ಷ ಹೋದ ಎಂದರು.

ಅಳಿಯ ಹಿತ್ತಲಿಗೆ ಬಂದು ರಿಪೇರಿ ಅಂಗಡಿಗೆ ಫೋನ್ ಮಾಡಿದ. ಪುಸ್ತಕ ಪೂರ್ತಿ ಬೇಡ, ಒಂದು ಪುಟ ಸಿಕ್ಕರೂ ಸಾಕು, ಒಂದೇ ಒಂದು ಹೆಸರು ಬೇಕಿತ್ತು ಎಂದ. ಆ ಕಡೆಯಿಂದ ನಿಟ್ಟುಸಿರು ಕೇಳಿಸಿತು.

“ಪೂರ್ತಿ ತೊಳೀರಿ ಅಂದ್ರಿ, ತೊಳೆದಿದ್ದೀನಿ. ಈಗ ಅಡೀಲೂ ಏನಿಲ್ಲ.”

ಅವನು ಒಳಗೆ ಬಂದಾಗ ನಡುಮನೆಯಲ್ಲಿ ಇನ್ನೂ ಜಗಳ ನಡೆದಿತ್ತು. ಕೋಣೆಯಲ್ಲಿ ಮಾವನವರು ಪರದೆಯ ಮೇಲೆ, ಹೆಸರು ಬರಬೇಕಾದ ಕಡೆ, ಸಾಕಷ್ಟು ಉದ್ದಕ್ಕೆ ಜಾಗ ಖಾಲಿ ಬಿಟ್ಟು ಮುಂದಿನ ಪದಕ್ಕೆ ಹೋಗಿದ್ದರು. ಉದ್ದನೆಯ ಹೆಸರಿರಬಹುದು ಎಂದು ಹೇಳಿ, ಇನ್ನಷ್ಟು ಜಾಗ ಬಿಟ್ಟರು.